ಖಾಲಿ ಯಂತ್ರಕ್ಕೆ ಹೆಪ್ಪು

ಎಂಬತ್ತರ ದಶಕದ ಕೊನೆಗೋ ತೊಂಬತ್ತರ ಆರಂಭಕ್ಕೋ ಕಂಪ್ಯೂಟರ್ ಕಲಿತ ನಮ್ಮ ತಲೆಮಾರಿನವರು ಮರೆಯಲಾರದ ಒಂದು ಸಾಲಿದೆ: ‘ನಾನ್-ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್’. ಕಪ್ಪು ಪರದೆಯ ಮೇಲೆ ಅದು ಮೂಡಿತೆಂದರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಬೇರೆ ಡಿಸ್ಕ್ ಹಾಕಿ ಕೀ ಒತ್ತಿ ಎಂದು ಯಂತ್ರ ಕೇಳುತ್ತಿತ್ತು. ಮುಂಡಗೋಡ ತಾಲ್ಲೂಕಿನ ಇಂದೂರ ಕಡೆಯವರ ಪಾಲಿಗೆ ಆ ಬೇರೆ ಡಿಸ್ಕ್ ಹುಬ್ಬಳ್ಳಿಯಿಂದ ಬರಬೇಕು, ಇಲ್ಲವೆ ಯಂತ್ರವನ್ನೇ ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ಯಬೇಕು. ಕರೆಂಟು ಇದೆ, ಕೀಬೋರ್ಡ್ ಇದೆ, ಒಳಗಿನ ಚಿಪ್‌ಗಳೆಲ್ಲ ಸರಿಯಾಗಿವೆ, ಆದರೂ ಏನೂ ನಡೆಯದು. ಆ ಕಾಲದ ಯಂತ್ರಗಳ ಜತೆಗಿನ ಒಡನಾಟವನ್ನು ಈಗ ನೆನೆದರೆ ಅವುಗಳ ವೇಗವಾಗಲಿ ಆಟಗಳಾಗಲಿ ನನಗೆ ಮುಖ್ಯ ಅನ್ನಿಸುವುದಿಲ್ಲ. ಮುಖ್ಯವಾಗಿ ಕಾಣುವುದು ಈ ಖಾಲಿತನ, ಮತ್ತು ಅದನ್ನು ತುಂಬಲು ಯಂತ್ರದೊಳಗೇ ಇದ್ದ ಒಂದು ಸಣ್ಣ ದಾರಿ. ಆಪರೇಟಿಂಗ್ ಸಿಸ್ಟಮ್ ಅಳಿಸಿಹೋದ ಯಂತ್ರ ಸತ್ತಿರುವುದಿಲ್ಲ. ಅದರೊಳಕ್ಕೆ ಮೊದಲ ಕೆಲವು ಬೈಟ್‌ಗಳನ್ನು ಸೇರಿಸುವ ದಾರಿ ಮುಚ್ಚಿದಾಗ, ಅಥವಾ ಆ ದಾರಿ ಎಲ್ಲಿದೆ ಎಂದು ತಿಳಿದವರು ಯಾರೂ ಉಳಿಯದಿದ್ದಾಗ ಮಾತ್ರ ಅದು ಸಾಯುತ್ತದೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಆ ದಾರಿ ಯಂತ್ರದ ಒಡೆಯನ ಕೈಯಲ್ಲಿರಬೇಕು, ಕಾಗದದ ಮೇಲೆ ಬರೆದಿಟ್ಟಿರಬೇಕು.

ಹಾಲು ಎಷ್ಟಾದರೂ ಇರಲಿ, ಒಂದು ಚಮಚ ಹೆಪ್ಪಿಲ್ಲದೆ ಮೊಸರಾಗದು. ಕಂಪ್ಯೂಟರಿನ ತೊಡಕೂ ಇಂಥದೇ. ಡಿಸ್ಕಿನಲ್ಲಿರುವುದನ್ನು ಓದಲು ಒಂದು ಪ್ರೋಗ್ರಾಂ ಬೇಕು, ಆ ಪ್ರೋಗ್ರಾಂ ಇರುವುದೋ ಡಿಸ್ಕಿನಲ್ಲೇ. ಈ ಬಿಕ್ಕಟ್ಟನ್ನು ಬಿಡಿಸಲು ತಯಾರಕರು ಅಳಿಸಲಾಗದ ಒಂದು ಚೂರು ಪ್ರೋಗ್ರಾಮನ್ನು ರೋಮ್ ಚಿಪ್ಪಿನಲ್ಲಿ ಇಟ್ಟಿರುತ್ತಾರೆ. ಐಬಿಎಂ ಪಿಸಿಯ 8088 ಪ್ರೊಸೆಸರ್ ಸ್ವಿಚ್ ಹಾಕಿದ ಕೂಡಲೇ ಎಫ್‌ಎಫ್‌ಎಫ್‌ಎಫ್0 ಎಂಬ ವಿಳಾಸಕ್ಕೆ ಹೋಗುತ್ತದೆ, ಅಲ್ಲಿ ಬಯಾಸ್ ಎಂಬ ಆ ಚೂರು ಪ್ರೋಗ್ರಾಂ ಕಾದಿರುತ್ತದೆ. ಬಯಾಸ್ ಮೆಮೊರಿಯನ್ನು ಪರೀಕ್ಷಿಸಿ, ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟ್‌ಗಳನ್ನು ಮಾತ್ರ ಎತ್ತಿ 7ಸಿ00 ಎಂಬ ಜಾಗದಲ್ಲಿ ಇಟ್ಟು ಅದರ ಕೈಗೆ ಅಧಿಕಾರ ಕೊಡುತ್ತದೆ. ಎಂಎಸ್-ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಆ 512 ಬೈಟ್‌ಗಳಿಗೆ ಗೊತ್ತಿರುವುದು ಐಓ.ಸಿಸ್ ಎಂಬ ಕಡತವನ್ನು ಹುಡುಕುವುದೊಂದೇ. ಅದು ಬಂದಮೇಲೆ ಎಂಎಸ್‌ಡಾಸ್.ಸಿಸ್, ಅದರ ಬೆನ್ನಿಗೆ ಕಮಾಂಡ್.ಕಾಮ್. ಹೀಗೆ ಚಿಕ್ಕದು ದೊಡ್ಡದನ್ನು ಕರೆಯುತ್ತ ಹೋಗುತ್ತದೆ. ಬೇರೆ ಯಂತ್ರದಿಂದ ಡಾಸ್‌ನ ಕಡತಗಳನ್ನೆಲ್ಲ ಫ್ಲಾಪಿಗೆ ಕಾಪಿ ಮಾಡಿ ತಂದರೂ ಯಂತ್ರ ಎದ್ದೇಳದೆ ಕಂಗಾಲಾದವರು ಆ ಕಾಲದಲ್ಲಿ ಬಹಳ ಮಂದಿ. ಕಡತಗಳಿದ್ದವು, ಮೊದಲ ಸೆಕ್ಟರಿನ ಹೆಪ್ಪು ಇರಲಿಲ್ಲ. ‘ಫಾರ್ಮ್ಯಾಟ್ ಎ: /ಎಸ್’ ಎಂಬ ಆಜ್ಞೆಯನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಸುತ್ತಿದ್ದ ಕಂಪ್ಯೂಟರ್ ತರಗತಿಗಳು ಅದು ಏಕೆ ಬೇಕು ಎಂದು ಹೇಳಿಕೊಟ್ಟದ್ದು ಕಡಿಮೆ. ಹೇಳಿಕೊಟ್ಟಿದ್ದರೆ ಎಷ್ಟೋ ಯಂತ್ರಗಳು ಇದ್ದಲ್ಲೇ ಎದ್ದು ನಿಲ್ಲುತ್ತಿದ್ದವು.

ಇನ್ನೂ ಹಿಂದಿನ ಯಂತ್ರಗಳಲ್ಲಿ ಈ ಹೆಪ್ಪನ್ನು ಮನುಷ್ಯನೇ ಕೈಯಾರೆ ಹಾಕಬೇಕಿತ್ತು. 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಆಲ್ಟೇರ್ 8800ಕ್ಕೆ ಕೀಬೋರ್ಡೂ ಇರಲಿಲ್ಲ, ಪರದೆಯೂ ಇರಲಿಲ್ಲ. ಎದುರಿನ ಫಲಕದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟನ್ನು ಮೆಮೊರಿಗೆ ಸೇರಿಸಬೇಕು. ಹಾಗೆ ಸೇರಿಸಿದ ಪುಟ್ಟ ಪ್ರೋಗ್ರಾಂ ಮುಂದೆ ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಬರೆದ ದೊಡ್ಡ ಪ್ರೋಗ್ರಾಮನ್ನು ಓದಿಕೊಳ್ಳುತ್ತಿತ್ತು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಆ ಯಂತ್ರಕ್ಕಾಗಿ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆಯನ್ನು ಬರೆದು ಮುಗಿಸಿದ್ದರು. ಅದನ್ನು ಒಳಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಂ ಮಾತ್ರ ಬಾಕಿಯಿತ್ತು. ಆಲನ್ ಅದನ್ನು ಬರೆದದ್ದು ಯಂತ್ರದ ತಯಾರಕರಿದ್ದ ಆಲ್ಬುಕರ್ಕಿಗೆ ಹೊರಟ ವಿಮಾನದಲ್ಲಿ ಕುಳಿತು. ಮೈಕ್ರೋಸಾಫ್ಟಿನ ಇತಿಹಾಸ ಹೇಳುವವರು ಆ ಬೇಸಿಕ್ಕನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ವಿಮಾನದಲ್ಲಿ ಬರೆದ ಆ ಕೆಲವೇ ಬೈಟ್‌ಗಳ ತೂಕ ಅದಕ್ಕೇನೂ ಕಡಿಮೆಯಲ್ಲ; ಅವಿಲ್ಲದೆ ಬೇಸಿಕ್ ಬರೀ ತೂತು ಬಿದ್ದ ಕಾಗದವಾಗಿ ಉಳಿಯುತ್ತಿತ್ತು.

ನಮ್ಮ ದೇಶದ ಶಾಲೆಗಳಿಗೆ ಮೊದಲು ಬಂದ ಕಂಪ್ಯೂಟರಿನಲ್ಲಿ ಈ ದಾರಿ ಅಗಲವಾಗಿಯೇ ಇತ್ತು ಎಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. 1984-85ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂತು. ಬ್ರಿಟನ್ನಿನ ಏಕಾರ್ನ್ ಕಂಪನಿ ಮಾಡಿದ ಯಂತ್ರ ಅದು: 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕಿಲೋಬೈಟ್ ಮೆಮೊರಿ. ಅದರ ಆಪರೇಟಿಂಗ್ ಸಿಸ್ಟಮ್ ಒಂದು ರೋಮಿನಲ್ಲಿ, ಬೇಸಿಕ್ ಇನ್ನೊಂದು ರೋಮಿನಲ್ಲಿ, ತಲಾ 16 ಕಿಲೋಬೈಟ್. ಸ್ವಿಚ್ ಹಾಕಿದರೆ ‘ಬೀಪ್’ ಎಂದು ಎದ್ದು ನಿಲ್ಲುತ್ತಿತ್ತು, ಡಿಸ್ಕಿನ ಹಂಗಿಲ್ಲ. ಮಾಮೂಲಿ ಟೇಪ್‌ರೆಕಾರ್ಡರಿನಿಂದ ಪ್ರೋಗ್ರಾಂ ತುಂಬಬಹುದಿತ್ತು. ಸೆಕೆಂಡಿಗೆ 1200 ಬಿಟ್‌ಗಳ ಲೆಕ್ಕದಲ್ಲಿ ಇಡೀ ಮೆಮೊರಿ ತುಂಬಲು ನಾಲ್ಕೂವರೆ ನಿಮಿಷ ಹಿಡಿದೀತು. ಅದಕ್ಕಿಂತ ಸೊಗಸಾದದ್ದು ಅದರ ಬೆನ್ನಿನ ಸೀರಿಯಲ್ ಕಿಂಡಿ. ‘ಸ್ಟಾರ್ ಎಫ್‌ಎಕ್ಸ್ 2,1’ ಎಂದು ಟೈಪ್ ಮಾಡಿದರೆ ಸಾಕು, ಅಲ್ಲಿಂದಾಚೆ ಆ ಕಿಂಡಿಯಿಂದ ಬಂದ ಪ್ರತಿ ಅಕ್ಷರವನ್ನೂ ಯಂತ್ರ ಕೀಬೋರ್ಡಿನಿಂದ ಬಂದದ್ದೆಂದೇ ತಿಳಿಯುತ್ತದೆ. ಆಚೆ ಬದಿಯಲ್ಲಿ ಇಂದಿನ ಯಾವುದೋ ಲ್ಯಾಪ್‌ಟಾಪ್ ಕೂತು, ದಣಿವಿಲ್ಲದ ಟೈಪಿಸ್ಟಿನ ಕೆಲಸ ಮಾಡಿ, ಕಡತ ಸಾಗಿಸುವ ಪುಟ್ಟ ಪ್ರೋಗ್ರಾಮೊಂದನ್ನು ಒಳಗೆ ಬರೆದುಬಿಡುತ್ತದೆ. ಆಮೇಲೆ ಆ ಪ್ರೋಗ್ರಾಮೇ ಉಳಿದದ್ದನ್ನೆಲ್ಲ ಸರಿತಪ್ಪು ನೋಡಿಕೊಂಡು ಎಳೆದುಕೊಳ್ಳುತ್ತದೆ. ಒಂದೇ ಒಂದು ಡಿಸ್ಕೂ ಇಲ್ಲದ ಆ್ಯಪಲ್ 2 ಯಂತ್ರವನ್ನು ಇಂದು ಎಬ್ಬಿಸುವ ‘ಎಡಿಟಿಪ್ರೊ’ ಎಂಬ ತಂತ್ರಾಂಶದ ಹಿಂದಿರುವುದೂ ಇದೇ ಯುಕ್ತಿ. ಎರಡನೇ ಸ್ಲಾಟಿನಲ್ಲಿ ಸೀರಿಯಲ್ ಕಾರ್ಡಿದ್ದರೆ ‘ಇನ್ ಹ್ಯಾಶ್ 2’ ಎಂದು ಟೈಪ್ ಮಾಡಿ ಕೈಬಿಡಬೇಕು. ಕಾರ್ಡಿಲ್ಲದಿದ್ದರೆ ಕ್ಯಾಸೆಟ್ಟಿನ ಕಿಂಡಿಗೆ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಒಂದು ವೈರು ಎಳೆದರೆ ಆಯಿತು. ಪ್ರೊಡಾಸ್ ಎಂಬ ಇಡೀ ಆಪರೇಟಿಂಗ್ ಸಿಸ್ಟಮ್ ಸದ್ದಿನ ರೂಪದಲ್ಲಿ ಒಳಗೆ ಬರುತ್ತದೆ. 1977ರಲ್ಲಿ ಸ್ಟೀವ್ ವೋಜ್ನಿಯಾಕ್ ಆ ಯಂತ್ರದಲ್ಲಿ ಇಟ್ಟ ದಾರಿ ಇಷ್ಟು ದಶಕ ಕಳೆದರೂ ಮುಚ್ಚಿಲ್ಲ. ಅದು ಎಲ್ಲಿದೆ ಎಂದು ಅವರು ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದರು, ಅದಕ್ಕೇ ಅದು ಉಳಿಯಿತು.

ಪಿಸಿಯ ಕಥೆ ಹೀಗಲ್ಲ. 1981ರ ಮೂಲ ಐಬಿಎಂ ಪಿಸಿಯಲ್ಲಿ ಡಿಸ್ಕ್ ಸಿಗದಿದ್ದರೆ ರೋಮಿನಲ್ಲಿದ್ದ ಬೇಸಿಕ್ ಏಳುತ್ತಿತ್ತು. ಅದನ್ನು ಅನುಕರಿಸಿ ಬಂದ, ನಮ್ಮ ಕಡೆ ಹೆಚ್ಚಾಗಿ ಕಂಡ ಅಗ್ಗದ ಯಂತ್ರಗಳಲ್ಲಿ ಆ ಬೇಸಿಕ್ ಇರಲಿಲ್ಲ. ‘ನೋ ರೋಮ್ ಬೇಸಿಕ್, ಸಿಸ್ಟಮ್ ಹಾಲ್ಟೆಡ್’ ಎಂದು ಅವು ಪ್ರಾಮಾಣಿಕವಾಗಿ ಹೇಳಿ ನಿಂತುಬಿಡುತ್ತಿದ್ದವು. ದಾರಿ ಕಿರಿದಾದದ್ದು ಅಲ್ಲಿಂದಲೇ ಎಂದು ನನ್ನ ಎಣಿಕೆ. ಡಾಸ್ ಒಮ್ಮೆ ಎದ್ದರೆ ಮಾತ್ರ ಸಾಹಸಕ್ಕೆ ಜಾಗವಿತ್ತು. ‘ಕಾಪಿ ಕಾನ್’ ಎಂದು ಬರೆದು, ಆಲ್ಟ್ ಕೀ ಒತ್ತಿ ಹಿಡಿದು ಅಂಕಿಗಳನ್ನು ಕುಟ್ಟಿ, ಒಂದು ಪ್ರೋಗ್ರಾಮನ್ನೇ ಟೈಪ್ ಮಾಡಬಹುದಿತ್ತು. ಸೊನ್ನೆ, 26ರಂಥ ಕೆಲವು ಬೈಟ್‌ಗಳು ಈ ರೀತಿ ಬಾರದ ಕಾರಣ ಅವಿಲ್ಲದಂತೆ ಪ್ರೋಗ್ರಾಂ ಬರೆಯುವುದೇ ಒಂದು ಕಲೆಯಾಗಿತ್ತು. ‘ಪಿಸಿ ಮ್ಯಾಗಜೀನ್’ ಪತ್ರಿಕೆ ಉಪಯುಕ್ತ ಪ್ರೋಗ್ರಾಂಗಳನ್ನು ಡಾಸ್‌ನ ‘ಡಿಬಗ್’ ಎಂಬ ಸಾಧನಕ್ಕೆ ಹಾಕುವ ಅಂಕಿಗಳ ಪಟ್ಟಿಯಾಗಿಯೇ ಅಚ್ಚು ಹಾಕುತ್ತಿತ್ತು. 1993ರ ಎಂಎಸ್-ಡಾಸ್ 6ರಲ್ಲಿದ್ದ ‘ಇಂಟರ್‌ಸರ್ವ್ /ಆರ್‌ಕಾಪಿ’ ಎಂಬ ಆಜ್ಞೆ ಏಳು ತಂತಿಯ ಸೀರಿಯಲ್ ಕೇಬಲ್ ಮೂಲಕ ಆಚೆಯ ಯಂತ್ರದೊಳಗೆ ತನ್ನನ್ನೇ ಪ್ರತಿ ಮಾಡಿಕೊಳ್ಳುತ್ತಿತ್ತು. ಆಚೆ ಕಡೆ ‘ಮೋಡ್’ ಮತ್ತು ‘ಸಿಟಿಟಿವೈ’ ಎಂಬ ಎರಡು ಸಾಲು ಟೈಪ್ ಮಾಡಿದರೆ ಸಾಕಿತ್ತು. ಬರೀ ಕಡತ ಸಾಗಿಸುವ ಸರಳ ಕೇಬಲ್ಲಿಗಾದರೆ ಮೂರು ತಂತಿ ಸಾಲುತ್ತವೆ: ಕಳಿಸುವುದು, ಪಡೆಯುವುದು, ಅರ್ತ್. ಮೊದಲೆರಡನ್ನು ಅದಲುಬದಲು ಮಾಡಿ ಬೆಸುಗೆ ಹಾಕಬೇಕು, ಅಷ್ಟೆ. ರೇಡಿಯೋ ರಿಪೇರಿಯವರು ಯಾರಾದರೂ ಮಾಡಿಕೊಟ್ಟಾರು. ಸೆಕೆಂಡಿಗೆ 9600 ಬಿಟ್‌ಗಳಂತೆ ಇಡೀ 360 ಕಿಲೋಬೈಟ್ ಫ್ಲಾಪಿ ಆರೂವರೆ ನಿಮಿಷದಲ್ಲಿ ಆ ತಂತಿಯಲ್ಲಿ ಹಾದುಹೋಗುತ್ತದೆ.

ಡಾಸ್ ಏಳದ, ಫ್ಲಾಪಿ ಡ್ರೈವ್ ಕೆಟ್ಟ ಪಿಸಿಗೆ ಇವು ಯಾವುವೂ ಒದಗುವುದಿಲ್ಲ. ಆಗ ಹಾರ್ಡ್‌ಡಿಸ್ಕನ್ನೇ ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿ, ಅಲ್ಲಿ ಹೆಪ್ಪು ಹಾಕಿ ತರಬೇಕು. ತಂದಮೇಲೂ ಇನ್ನೊಂದು ಗಂಟಿದೆ. ಮದರ್‌ಬೋರ್ಡಿನ ಬ್ಯಾಟರಿ ಬಿದ್ದುಹೋಗಿದ್ದರೆ ತನ್ನ ಡಿಸ್ಕ್ ಎಷ್ಟು ದೊಡ್ಡದು ಎಂಬುದೇ ಹಳೆಯ ಯಂತ್ರಕ್ಕೆ ನೆನಪಿರುವುದಿಲ್ಲ. ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕವನ್ನು ಕೈಯಿಂದ ತುಂಬಬೇಕು. ಸೀಗೇಟ್ ಎಸ್‌ಟಿ-251 ಆದರೆ 820, 6, 17. ಈ ಮೂರು ಅಂಕಿಗಳನ್ನು ಬರೆದ ಚೀಟಿ ಡಿಸ್ಕಿನ ಮೇಲಿಂದ ಕಿತ್ತುಹೋಗಿದ್ದರೆ, ಒಳಗಿನ 42 ಮೆಗಾಬೈಟೂ ಕಣ್ಣೆದುರಿಗಿದ್ದೇ ಇಲ್ಲವಾದಂತೆ. ಮಲೆನಾಡ ಸೆರಗಿನ ನಮ್ಮ ಊರುಗಳಲ್ಲಿ ಮಳೆಗಾಲದ ತೇವ ಫ್ಲಾಪಿಯ ಮೇಲೆ ಬೂಷ್ಟು ಕಟ್ಟಿಸುತ್ತದೆ, 386 ಕಾಲದ ಬೋರ್ಡುಗಳ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಇವೆಲ್ಲಕ್ಕೂ ಹೆಚ್ಚು ಬಾಳುವುದು ಕಾಗದದ ಮೇಲೆ ಬರೆದ ಅಂಕಿ. ದಾಂಡೇಲಿಯ ಗಿರಣಿ 1959ರಿಂದ ಕಾಗದ ಮಾಡುತ್ತಿದೆ. ಆ ಮೊದಲ ವರ್ಷದ ಹಾಳೆಯ ಮೇಲೆ ಬರೆದದ್ದನ್ನು ಒಣಗಿದ ಜಾಗದಲ್ಲಿ ಇಟ್ಟಿದ್ದರೆ ಇಂದಿಗೂ ಓದಬಹುದು. ಮೂವತ್ತು ವರ್ಷದ ಹಿಂದಿನ ಫ್ಲಾಪಿಯ ವಿಷಯದಲ್ಲಿ ಆ ಭರವಸೆಯಿಲ್ಲ.

ಇದೆಲ್ಲ ಹವ್ಯಾಸಿಗಳ ಗೋಜು, ಹಳೆಯ ಯಂತ್ರದ ಹಾಗೆ ನಡೆಯುವ ಎಮ್ಯುಲೇಟರ್ ಮೊಬೈಲಿನಲ್ಲೇ ಸಿಗುವಾಗ ಕಬ್ಬಿಣದ ಡಬ್ಬಿಯನ್ನು ಎಬ್ಬಿಸುವ ಹಟವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬಿಬಿಸಿ ಮೈಕ್ರೋದ ಆಟ ಆಡಬೇಕೆನ್ನುವವರಿಗೆ ಎಮ್ಯುಲೇಟರ್ ಧಾರಾಳ ಸಾಕು. ಆದರೆ ಎಮ್ಯುಲೇಟರಿನೊಳಗೆ ನಡೆಯುವ ರೋಮನ್ನು ಯಾರೋ ಒಬ್ಬರು ನಿಜವಾದ ಯಂತ್ರದಿಂದಲೇ ಓದಿ ತೆಗೆದಿರಬೇಕು, ಫ್ಲಾಪಿಯಲ್ಲಿರುವುದನ್ನು ನಿಜವಾದ ಡ್ರೈವಿನಿಂದಲೇ ಓದಬೇಕು. ಕನ್ನಡದವರಾದ ನಮಗಂತೂ ಇದು ಬರೀ ಆಟದ ಮಾತಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಒಂದೊಂದು ತಂತ್ರಾಂಶಕ್ಕೂ ತನ್ನದೇ ಅಕ್ಷರಸಂಕೇತ ಇತ್ತು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕವಿತೆಯೂ ಕರಾರುಪತ್ರವೂ ಒಂದೇ ರೀತಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತವೆ. ಆ ಕಾಲದ ಸ್ಮರಣಸಂಚಿಕೆ, ಸಹಕಾರಿ ಸಂಘದ ವರದಿ, ಸಣ್ಣ ಪತ್ರಿಕೆಗಳ ಪುಟಗಳನ್ನು ಮೊದಲಿದ್ದಂತೆಯೇ ನೋಡಬೇಕಾದರೆ ಅವನ್ನು ಮಾಡಿದ ತಂತ್ರಾಂಶ, ಅದು ನಡೆಯುವ ಆಪರೇಟಿಂಗ್ ಸಿಸ್ಟಮ್, ಅದು ಏಳುವ ಯಂತ್ರ ಮೂರೂ ಬೇಕಾದಾವು. ಇದಕ್ಕೆ ಎದುರಾಗಿ ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆಯಿದೆ. ಎಂಬತ್ತರ ದಶಕದ ಕೊನೆಯಲ್ಲಿ ಬೈಲಕುಪ್ಪೆಯ ಸೆರಾ ಮೇ ಮಠದ ಭಿಕ್ಷುಗಳು ಟಿಬೆಟಿನ ಶಾಸ್ತ್ರಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸತೊಡಗಿದರು. ಟಿಬೆಟನ್ ಅಕ್ಷರಗಳನ್ನು ಅವರು ಸಾದಾ ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದರಿಂದ ಆ ಪಠ್ಯಗಳಿಗೆ ಯಾವ ಫಾಂಟೂ ಯಾವ ಕಂಪನಿಯೂ ಬೇಕಿಲ್ಲ. ಅಂದಿನ ಡಾಸ್‌ನಲ್ಲಿ ತೆರೆದಂತೆಯೇ ಇಂದಿನ ಫೋನಿನಲ್ಲೂ ತೆರೆಯುತ್ತವೆ. 1966ರಿಂದ ಟಿಬೆಟನ್ನರ ವಸತಿ ಇರುವ, ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳಿರುವ ಮುಂಡಗೋಡಿನ ನೆರೆಯವರಾದ ನಮಗೆ ಗ್ರಂಥವನ್ನು ಕಾಪಾಡುವುದರ ಬೆಲೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ನೆಲೆ ಕಳೆದುಕೊಂಡು ಬಂದ ಸಮುದಾಯ ಹೊಸ ಯಂತ್ರವನ್ನು ಕುರುಡಾಗಿ ನಂಬಲಿಲ್ಲ, ನಾವು ನಂಬಿದೆವು.

ಎರಡನೆಯ ಆಕ್ಷೇಪ ಶಾಲೆಗಳಿಗೆ ಸಂಬಂಧಿಸಿದ್ದು: ಅಲ್ಲಿ ಕೆಟ್ಟ ಯಂತ್ರವನ್ನು ಎಬ್ಬಿಸಲು ಈಗ ಒಂದು ಪೆನ್‌ಡ್ರೈವ್ ಸಾಕಲ್ಲ ಎಂಬುದು. 2001ರ ಹೊತ್ತಿಗೆ ಕರ್ನಾಟಕ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಲ್ಲಿ 1000 ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು, ಆಮೇಲೆ ‘ಐಸಿಟಿ’ ಯೋಜನೆಯ ಹಂತಗಳು ಬಂದವು. ಕಂಪನಿಯೊಂದು ಲ್ಯಾಬು ಕಟ್ಟಿ, ಐದು ವರ್ಷ ನಡೆಸಿ, ಶಾಲೆಗೆ ಒಪ್ಪಿಸಿ ಹೋಗುವುದು ಇವುಗಳ ರೀತಿಯಾಗಿತ್ತು. ಒಪ್ಪಿಸುವ ದಿನ ಶಾಲೆಯ ಕೈಗೆ ಬರುತ್ತಿದ್ದುದು ಯಂತ್ರಗಳು. ಬಯಾಸ್ ಪಾಸ್‌ವರ್ಡ್, ಇನ್‌ಸ್ಟಾಲ್ ಡಿಸ್ಕ್, ಡ್ರೈವರ್‌ಗಳು ಜತೆಗೆ ಬಾರದಿದ್ದರೆ ಆಪರೇಟಿಂಗ್ ಸಿಸ್ಟಮ್ ಕೆಟ್ಟ ದಿನವೇ ಅವು ಮೂಲೆ ಸೇರುತ್ತವೆ. ಈಗ ಪೆನ್‌ಡ್ರೈವ್ ಚುಚ್ಚಿದರೆ ಆಯಿತಲ್ಲ ಎಂದರೆ, ಪೆನ್‌ಡ್ರೈವನ್ನು ಓದಲು ಬಯಾಸಿಗೆ ತಿಳಿದಿರಬೇಕು. ಎರಡು ಸಾವಿರದ ಆಸುಪಾಸಿನ ಎಷ್ಟೋ ಬೋರ್ಡುಗಳಿಗೆ ಅದು ತಿಳಿಯದು. ಅಂಥ ಕಡೆ ‘ಪ್ಲಾಪ್’ ಎಂಬ ಪುಟ್ಟ ಪ್ರೋಗ್ರಾಮನ್ನು ಫ್ಲಾಪಿಯಿಂದಲೋ ಸಿಡಿಯಿಂದಲೋ ಎಬ್ಬಿಸಿದರೆ ಅದು ಪೆನ್‌ಡ್ರೈವಿಗೆ ಸೇತುವೆಯಾಗುತ್ತದೆ. ಸಿಡಿ ಡ್ರೈವೂ ಸತ್ತಿದ್ದು ನೆಟ್‌ವರ್ಕ್ ಕಾರ್ಡ್ ಬದುಕಿದ್ದರೆ ಕೇಬಲ್ ಮೂಲಕವೇ ಪಕ್ಕದ ಯಂತ್ರದಿಂದ ಲಿನಕ್ಸ್ ಇಳಿಸಬಹುದು. ಒಂದು ಯಂತ್ರ ಎದ್ದರೆ ಲ್ಯಾಬಿನ ಉಳಿದವೆಲ್ಲ ಒಂದೊಂದಾಗಿ ಏಳುತ್ತವೆ. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಸರೆ ನಿಂತಿತು. ನಮ್ಮ ಪ್ರೌಢಶಾಲಾ ಶಿಕ್ಷಕರ ತರಬೇತಿಗಳಲ್ಲಿ ಉಬುಂಟು ಬಳಕೆಯಾದದ್ದು ಒಳ್ಳೆಯ ಕೆಲಸ. ಆದರೆ ಆ ಬಾಗಿಲೂ ನಿಧಾನವಾಗಿ ಮುಚ್ಚುತ್ತಿದೆ: ಉಬುಂಟು 32 ಬಿಟ್ ಯಂತ್ರಗಳನ್ನು ಆಗಲೇ ಕೈಬಿಟ್ಟಿದೆ, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಇಲ್ಲ. ಹಳೆಯ ಯಂತ್ರಗಳಿಗೆ ಒಗ್ಗುವ ಆವೃತ್ತಿಗಳನ್ನು ಈಗಲೇ ಇಳಿಸಿ ಇಟ್ಟುಕೊಳ್ಳಬೇಕು. ಎಲ್ಲ ಯಂತ್ರವನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ದಪ್ಪ ಮಾನಿಟರಿನ ಪೆಂಟಿಯಂ 4 ತಿನ್ನುವ ವಿದ್ಯುತ್ತು ಅದು ಮಾಡುವ ಕೆಲಸಕ್ಕೆ ಹೆಚ್ಚೇ. ಅಂಥದ್ದನ್ನು ಸರಿಯಾದ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡುವುದೇ ಲೇಸು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಳಿಸಬೇಕು ಎಂಬ ತೀರ್ಮಾನ ಶಾಲೆಯದಾಗಿರಬೇಕು, ಕಳೆದುಹೋದ ಒಂದು ಪಾಸ್‌ವರ್ಡಿನದಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಮೊದಲ ಬೈಟಿನ ದಾರಿ ಒಡೆಯನಿಗೆ ತೆರೆದಿದ್ದರೆ ಕಳ್ಳನಿಗೂ ತೆರೆದಂತೆ ಎನ್ನುತ್ತಾರೆ. ಬೂಟ್ ಸೆಕ್ಟರಿಗೇ ಅಂಟುತ್ತಿದ್ದ ವೈರಸ್‌ಗಳನ್ನು ಕಂಡ ತಲೆಮಾರು ನಮ್ಮದು, ಈ ಭಯವನ್ನು ತಳ್ಳಿಹಾಕಲಾರೆ. ಆದರೆ ಬೀಗ ಹಾಕುವುದು ಬೇರೆ, ಬೀಗದಕೈಯನ್ನು ಮನೆಯವರಿಗೇ ಕೊಡದಿರುವುದು ಬೇರೆ. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ಎರಡು ನಿಯಮ ಮಾಡಿತು: ಇಂಟೆಲ್ ಮಾದರಿಯ ಪಿಸಿಗಳಲ್ಲಿ ಸಹಿಯಿಲ್ಲದ ಆಪರೇಟಿಂಗ್ ಸಿಸ್ಟಮ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಬೀಗವನ್ನು ತೆಗೆಯುವ ಅವಕಾಶ ಬಳಕೆದಾರನಿಗೆ ಇರಲೇಬೇಕು, ಆರ್ಮ್ ಯಂತ್ರಗಳಲ್ಲಿ ಇರಲೇಬಾರದು. ಸುರಕ್ಷತೆಯೊಂದೇ ಕಾರಣವಾಗಿದ್ದರೆ ಎರಡಕ್ಕೂ ಒಂದೇ ನಿಯಮ ಸಾಕಿತ್ತು. ವಿಂಡೋಸ್ 10ರ ಕಾಲಕ್ಕೆ ಮೊದಲ ಅವಕಾಶವನ್ನೂ ತಯಾರಕರ ಇಷ್ಟಕ್ಕೆ ಬಿಟ್ಟರು. ಸುರಕ್ಷತೆಗೂ ಒಡೆತನಕ್ಕೂ ಜಗಳವಿಲ್ಲ ಎಂಬುದಕ್ಕೆ ಹಳೆಯ ಕ್ರೋಮ್‌ಬುಕ್‌ಗಳೇ ಸಾಕ್ಷಿ. ಅವುಗಳ ಒಳಗೆ ಒಂದು ಸ್ಕ್ರೂ ಇತ್ತು. ಅದನ್ನು ಬಿಚ್ಚುವವರೆಗೆ ಮೂಲ ಫರ್ಮ್‌ವೇರ್ ಮುಟ್ಟಲಾಗದು. ದೂರದಲ್ಲಿ ಕುಳಿತ ಕಳ್ಳನಿಗೆ ಆ ಸ್ಕ್ರೂ ಎಟುಕುವುದಿಲ್ಲ, ಮೇಜಿನ ಮುಂದೆ ಕುಳಿತ ಒಡೆಯನಿಗೆ ಎಟುಕುತ್ತದೆ. ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ಸಿಂಪ್ಯೂಟರ್ ಇದಕ್ಕೂ ಮುಂದೆ ಹೋಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ಮಾಡಿದ ಆ ಅಂಗೈ ಯಂತ್ರದಲ್ಲಿ ಲಿನಕ್ಸ್ ನಡೆಯುತ್ತಿತ್ತು, ಹಾರ್ಡ್‌ವೇರ್ ವಿನ್ಯಾಸವೇ ಸಾರ್ವಜನಿಕ ಪರವಾನಗಿಯ ಅಡಿ ಇತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ವಿನ್ಯಾಸ ತೆರೆದಿಟ್ಟರೂ ಯಂತ್ರ ಕಟ್ಟಿ ಮಾರಲು ಬರುತ್ತದೆ ಎಂಬುದನ್ನು ಅದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ತೋರಿಸಿತು. ಈಗ ನಮ್ಮೆಲ್ಲರ ಕಿಸೆಯಲ್ಲಿರುವ ಫೋನುಗಳಲ್ಲಿ ಬಹುಪಾಲಿಗೆ ಆ ದಾರಿಯಿಲ್ಲ. ತಯಾರಕರ ಅಪ್‌ಡೇಟ್ ನಿಂತ ದಿನ, ನಾಲ್ಕು ದಶಕದ ಹಿಂದಿನ ಬಿಬಿಸಿ ಮೈಕ್ರೋಗಿಂತ ಅವು ಹೆಚ್ಚು ಅಸಹಾಯಕವಾಗುತ್ತವೆ.

ಆದ್ದರಿಂದ ಎರಡು ಮಾತು ಕೇಳಿಕೊಳ್ಳುತ್ತೇನೆ. ಶಿಕ್ಷಣ ಇಲಾಖೆ ಇನ್ನು ಮುಂದೆ ಕಂಪ್ಯೂಟರ್ ಕೊಳ್ಳುವ ಪ್ರತಿ ಟೆಂಡರಿನಲ್ಲೂ ಬಯಾಸ್ ಪಾಸ್‌ವರ್ಡ್, ಇನ್‌ಸ್ಟಾಲ್ ಪ್ರತಿ, ಡ್ರೈವರ್‌ಗಳು ಮತ್ತು ಖಾಲಿ ಯಂತ್ರವನ್ನು ಎಬ್ಬಿಸುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಶಾಲೆಗೆ ಒಪ್ಪಿಸಬೇಕೆಂಬ ಷರತ್ತು ಹಾಕಲಿ. ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡದ ಶಾಲೆ, ಸಂಘ, ಮನೆಗಳಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಅದನ್ನು ಗುಜರಿಗೆ ಹಾಕುವ ಮುನ್ನ ಮೇಲಿನ ಮುಚ್ಚಳ ತೆಗೆದು ನೋಡಿ. ಹಾರ್ಡ್‌ಡಿಸ್ಕಿನ ಮೇಲಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಸೋರುವ ಬ್ಯಾಟರಿಯನ್ನು ಕಿತ್ತು ತೆಗೆಯಿರಿ, ಜತೆಗಿದ್ದ ಫ್ಲಾಪಿ, ಸಿಡಿ, ಕೈಪಿಡಿಗಳನ್ನು ಮಳೆಗಾಲದ ತೇವ ತಾಗದ ಡಬ್ಬಿಯಲ್ಲಿ ಇಡಿ. ಯಂತ್ರದೊಳಗೆ ಕನ್ನಡದ ಕಡತಗಳಿದ್ದರೆ ಅವು ಯಾವ ತಂತ್ರಾಂಶದಲ್ಲಿ ಮಾಡಿದ್ದವು ಎಂದು ಅದೇ ಹಾಳೆಯಲ್ಲಿ ಬರೆಯಿರಿ.